ಜೇಬಿನ ಪುಸ್ತಕ ಮತ್ತು ‘ಯಾವತ್ತು?’ ಅನ್ನುವ ಪ್ರಶ್ನೆ

(ಮಂಡ್ಯದಲ್ಲಿ ಓದುಗರ ಬಳಗವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಾನೇ ಒಂದಿಷ್ಟು ಪ್ರಶ್ನೆ ಕೇಳಿಬಿಡುತ್ತೇನೆ. ಉತ್ತರ ಹೇಳಬೇಡಿ, ಮನಸ್ಸಲ್ಲೇ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಈಗ ಉರಿಯುತ್ತಿರುವ ಗ್ಯಾಸ್ ಸಿಲಿಂಡರ್ ಹಾಕಿದ್ದು ಯಾವತ್ತು? ಗಾಡಿಗೆ ಆಯಿಲ್ ಬದಲಾಯಿಸಿದ್ದು ಯಾವತ್ತು? ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ತೊಳೆಸಿದ್ದು? ಅವ್ವನಿಗೆ ಕೊನೆಯ ಸಲ ಶುಗರ್ ನೋಡಿಸಿದ್ದು? ಪಕ್ಕದ ಮನೆಯವರಿಗೆ ಕೈಸಾಲ ಕೊಟ್ಟಿದ್ದು?

ಎಷ್ಟು ಕೊಟ್ಟಿದ್ದು ಅಂತ ಯಾರೂ ಮರೆಯುವುದಿಲ್ಲ. ಯಾರಿಗೆ ಕೊಟ್ಟಿದ್ದು ಅಂತಲೂ ಮರೆಯುವುದಿಲ್ಲ. ಯಾವತ್ತು ಅಂತ ಕೇಳಿದರೆ ಮಾತ್ರ ‘ಮೊನ್ನೆ ಮೊನ್ನೆ’ ಅನ್ನುತ್ತೇವೆ. ಆ ಮೊನ್ನೆ ಎಷ್ಟೋ ಸಲ ಎಂಟು ತಿಂಗಳ ಹಿಂದಿನ ಮೊನ್ನೆ ಆಗಿರುತ್ತದೆ. ನಾನು ಇವತ್ತು ಹೇಳುವುದು ಇಷ್ಟೇ: ಜೇಬಿನಲ್ಲಿ ಇಟ್ಟುಕೊಳ್ಳುವ ಚಿಕ್ಕ ಪುಸ್ತಕದ ಮುಖ್ಯ ಕೆಲಸ ಈ ‘ಯಾವತ್ತು’ ಅನ್ನುವುದಕ್ಕೆ ಉತ್ತರ ಇಟ್ಟುಕೊಂಡಿರುವುದು. ಕವಿತೆ ಬರೆಯಲಿಕ್ಕೆ, ದೊಡ್ಡ ಆಲೋಚನೆ ಹಿಡಿದಿಡಲಿಕ್ಕೆ ಅಂತ ಪಾಕೆಟ್ ಬುಕ್ಕು ಕೊಳ್ಳುವವರು ಇದ್ದಾರೆ. ಅವರ ಪಾಡಿಗೆ ಅವರು ಬರೆಯಲಿ. ನಾನು ಸೆಗಣಿ ಮೆತ್ತಿದ ಪುಸ್ತಕದ ಕಡೆಯವನು.

ಸೆಗಣಿ ಅಂದದ್ದು ಸುಮ್ನೆ ಅಲ್ಲ. ನಾನು ಪಶುಸಂಗೋಪನೆ ಇಲಾಖೆಯಲ್ಲಿ ಪಶುವೈದ್ಯಕೀಯ ಪರೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಡಾಕ್ಟರ್ ಅಲ್ಲ. ಆದರೆ ನಮ್ಮ ಕಡೆ ಹಳ್ಳಿಗಳಲ್ಲಿ ಹಸು ಮುಟ್ಟಿದವರೆಲ್ಲಾ ಡಾಕ್ಟ್ರೇ. ಮದ್ದೂರು, ಮಳವಳ್ಳಿ ಕಡೆ ಮೊಪೆಡ್ ಮೇಲೆ ಓಡಾಡಿದ್ದೇನೆ. ಆ ಕೆಲಸದಲ್ಲಿ ಅರ್ಧ ಪಾಲು ಕೈಯಿಂದ ಆಗುತ್ತದೆ, ಇನ್ನರ್ಧ ತಾರೀಖಿನಿಂದ ಆಗುತ್ತದೆ. ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇಲ್ಲಿ ಕೂತವರಲ್ಲಿ ಮನೆಯಲ್ಲಿ ಹಸು ಇರುವವರು ಇದ್ದೀರಿ, ಇಲ್ಲದವರಿಗೂ ಇದು ಅರ್ಥವಾಗುವಂಥದ್ದೇ.

ಹಸು ಬೆದೆಗೆ, ಅಂದರೆ ಹೋರಿ ಬಯಸುವ ಹದಕ್ಕೆ, ಬರುವುದು ಸುಮಾರು 21 ದಿನಕ್ಕೊಮ್ಮೆ. ಬೆದೆ ಇರುವುದು ಒಂದು ದಿನವೂ ಪೂರ್ತಿ ಇಲ್ಲ. ಬೆಳಿಗ್ಗೆ ಬೆದೆ ಕಂಡರೆ ಅವತ್ತು ಸಾಯಂಕಾಲ ಇಂಜೆಕ್ಷನ್, ಸಾಯಂಕಾಲ ಕಂಡರೆ ಮರುದಿನ ಬೆಳಿಗ್ಗೆ. ಇಂಜೆಕ್ಷನ್ ಅಂದರೆ ಕೃತಕ ಗರ್ಭಧಾರಣೆ, ಹಳ್ಳಿಯಲ್ಲಿ ಹಾಗೇ ಅನ್ನುವುದು. ಜೂನ್ 5ಕ್ಕೆ ಇಂಜೆಕ್ಷನ್ ಮಾಡಿಸಿದಿರಿ ಅಂತ ಇಟ್ಟುಕೊಳ್ಳಿ. ಆ ಒಂದು ತಾರೀಖು ಬರೆದುಕೊಂಡರೆ ಅದರಿಂದ ಇನ್ನೂ ನಾಲ್ಕು ತಾರೀಖು ಹುಟ್ಟುತ್ತವೆ. ಜೂನ್ 26ರ ಹಿಂದೆ ಮುಂದೆ ಹಸುವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಮತ್ತೆ ಬೆದೆಗೆ ಬಂದರೆ ಗಬ್ಬ ನಿಂತಿಲ್ಲ ಅಂತ ಅರ್ಥ. ಬರಲಿಲ್ಲವಾ, ಸೆಪ್ಟೆಂಬರ್ ಮೊದಲ ವಾರದಲ್ಲಿ ಗಬ್ಬದ ಪರೀಕ್ಷೆ. ಜನವರಿ ಸಂಕ್ರಾಂತಿ ಹೊತ್ತಿಗೆ ಹಾಲು ಬತ್ತಿಸಬೇಕು, ಯಾಕೆಂದರೆ ಈಯುವುದಕ್ಕೆ ಮುಂಚೆ ಎರಡು ತಿಂಗಳು ಕೆಚ್ಚಲಿಗೆ ಬಿಡುವು ಬೇಕು. 280 ದಿನ ಲೆಕ್ಕ ಹಾಕಿದರೆ ಮಾರ್ಚ್ 12ರ ಆಚೀಚೆ ಕರು.

ಎಮ್ಮೆಯಾದರೆ ಇನ್ನೊಂದು ತಿಂಗಳು ಜಾಸ್ತಿ, ಸುಮಾರು 310 ದಿನ. ಮೇಕೆ, ಕುರಿಯಾದರೆ ಐದು ತಿಂಗಳು.

ಈಗ ಆ ಜೂನ್ 5 ಮರೆತುಹೋಗಿದೆ ಅಂದುಕೊಳ್ಳಿ. “ಅಣ್ಣಾ, ಇದಕ್ಕೆ ಹಿಂದಿನ ಸಲ ಯಾವತ್ತು ಇಂಜೆಕ್ಷನ್ ಮಾಡಿದ್ದು?” ಅಂತ ನಾನು ಕೇಳುತ್ತಿದ್ದೆ. “ಅದೇ ಡಾಕ್ಟ್ರೇ, ನಮ್ ಭಾಮೈದನ ಮನೆ ಗೃಹಪ್ರವೇಶ ಆಯ್ತಲ್ಲ, ಅದ್ರ ಹಿಂದೆ ಮುಂದೆ” ಅಂತ ಉತ್ತರ ಬರುತ್ತಿತ್ತು. ಒಳಗಿಂದ ಅವರ ಹೆಂಡತಿ, “ಅಯ್ಯೋ, ಅದು ಕೆಂಪು ಹಸಾ ಕನಾ, ಇದಲ್ಲ” ಅನ್ನುತ್ತಿದ್ದರು. ಗೃಹಪ್ರವೇಶದ ತಾರೀಖು ಹುಡುಕಲು ಅದರ ಆಮಂತ್ರಣ ಪತ್ರಿಕೆ ಹುಡುಕು, ಅದು ಇಲ್ಲ. ಹೀಗೆ ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಎರಡು ತಪ್ಪಿದರೆ ಒಂದೂವರೆ ತಿಂಗಳು ಹಸುವಿಗೆ ಸುಮ್ನೆ ಹುಲ್ಲು ಹಾಕಿದ ಹಾಗೆ. ಹಾಲು ಕಮ್ಮಿ ಆಗಿದ್ದಕ್ಕೆ ಹಿಂಡಿಯನ್ನು ಬೈಯುತ್ತೇವೆ, ಡೇರಿಯನ್ನು ಬೈಯುತ್ತೇವೆ. ತಾರೀಖನ್ನು ಯಾರೂ ಬೈಯುವುದಿಲ್ಲ.

ಹಸುವಿನ ಕಿವಿಗೆ ಹಾಕುವ ಹಳದಿ ಓಲೆ ನೋಡಿದ್ದೀರಲ್ಲ. ಅದರಲ್ಲಿ 12 ಅಂಕಿಯ ನಂಬರ್ ಇರುತ್ತದೆ. ಅದನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋಗುವುದು ಮಾಮೂಲು. ವಿಮೆ ಕೇಳುವಾಗ ಆ ನಂಬರ್ ಬೇಕೇ ಬೇಕು. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಹಾಕುತ್ತಾರೆ, ಅದರ ತಾರೀಖೂ ಅದೇ ಹಾಳೆಯಲ್ಲಿ ಇರಲಿ. ಒಂದು ಹಸುವಿಗೆ ಒಂದು ಹಾಳೆ ಸಾಕು.

ಹಿಂದಿನವರು ಬರೆಯುತ್ತಿರಲಿಲ್ಲವಾ? ಬರೆಯುತ್ತಿದ್ದರು. ಅಕ್ಷರ ಬಾರದ ಎಷ್ಟೋ ಅಜ್ಜಿಯರು ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಹಬ್ಬಕ್ಕೆ ಸುಣ್ಣ ಬಳಿದಾಗ ಲೆಕ್ಕವೂ ಹೋಗುತ್ತಿತ್ತು. ಅಷ್ಟರೊಳಗೆ ಹಾಲಿನವನು ದುಡ್ಡು ಕೊಟ್ಟಿರಬೇಕು, ಅದೇ ಗಡುವು! ವ್ಯಾಪಾರಿಗಳು, ಮಠಗಳು, ಶಾನುಭೋಗರು ಕಡತ ಇಡುತ್ತಿದ್ದರು. ಈಗಿನ ಆಫೀಸಿನ ಫೈಲ್ ಅಲ್ಲ, ಬಟ್ಟೆಯ ಕಡತ. ಬಟ್ಟೆಗೆ ಹುಣಸೆ ಬೀಜದ ಸರಿ (ಗಂಜಿಯಂಥ ಅಂಟು) ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿ ಪುಸ್ತಕದ ಹಾಗೆ ಮಾಡುತ್ತಿದ್ದರು. ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆಯುವುದು. ಬೇಡವಾದರೆ ಒರೆಸಿ, ಮತ್ತೆ ಸರಿ ಬಳಿದು, ಮತ್ತೆ ಬರೆಯುವುದು. ಗೆದ್ದಲು, ನೀರು, ಬೆಂಕಿ ತಪ್ಪಿಸಿಕೊಂಡ ಕಡತಗಳಲ್ಲಿ ಆ ಕಾಲದ ಅಕ್ಕಿ ಬೆಲೆ, ಕಂದಾಯ, ಜಾತ್ರೆ ಖರ್ಚು ಎಲ್ಲಾ ಸಿಗುತ್ತದೆ. ಬರೆದವರಿಗೆ ಚರಿತ್ರೆ ಬರೆಯುತ್ತಿದ್ದೇವೆ ಅನ್ನುವ ಯೋಚನೆ ಇರಲಿಲ್ಲ. ಅಕ್ಕಿ ಲೆಕ್ಕ ತಪ್ಪಬಾರದು ಅಂತ ಬರೆದರು.

ಮುಯ್ಯಿ ಪುಸ್ತಕ ನಿಮ್ಮೆಲ್ಲರ ಮನೆಯಲ್ಲೂ ಇದೆ, ಅಲ್ವಾ? ಮದುವೆ ಚಪ್ಪರದ ಬಾಗಿಲಲ್ಲಿ ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಯಾರು, ಯಾವೂರು, ಎಷ್ಟು. ಮುಂದೆ ಅವರ ಮನೆ ಮದುವೆಗೆ ಹೋಗುವ ಮುಂಚೆ ಆ ಪುಸ್ತಕ ತೆಗೆದು ನೋಡುತ್ತೇವೆ. ಇಷ್ಟು ಶಿಸ್ತಾಗಿ ನಾವು ಬರೆದಿಡುವ ಲೆಕ್ಕ ಇನ್ನೊಂದಿಲ್ಲ. ಹಾಗಾಗಿ ‘ನಮಗೆ ಬರೆದಿಡುವ ಅಭ್ಯಾಸ ಇಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಾನ ಹೋಗುವ ಕಡೆ ಬರೆದಿಡುತ್ತೇವೆ. ಬರೀ ದುಡ್ಡು, ಆರೋಗ್ಯ ಹೋಗುವ ಕಡೆ ಬರೆದಿಡುವುದಿಲ್ಲ.

ಹೊರಗಿನವರ ಒಂದು ಉದಾಹರಣೆ ಹೇಳುತ್ತೇನೆ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಅನ್ನುವ ಹಡಗಿನಲ್ಲಿ ಲೋಕ ಸುತ್ತಿದ. ದಡಕ್ಕೆ ಇಳಿದು ಅಲೆಯುವಾಗ ಜೇಬಿಗೆ ಹಿಡಿಯುವ ಪುಸ್ತಕ ಇಟ್ಟುಕೊಳ್ಳುತ್ತಿದ್ದ. ಅಂಥವು 15 ಇವೆ. ಊರಿಗೆ ಬಂದ ಮೇಲೆ 1837ರಲ್ಲಿ ಇನ್ನೊಂದು ಪುಸ್ತಕದಲ್ಲಿ ಒಂದು ಮರದ ಕೊಂಬೆಗಳ ಹಾಗೆ ಗೆರೆ ಎಳೆದು, ಮೇಲೆ ‘ನನಗೆ ಅನ್ನಿಸುತ್ತೆ’ ಅಂತ ಬರೆದ. ಜೀವಿಗಳೆಲ್ಲಾ ಒಂದೇ ಬುಡದಿಂದ ಕವಲೊಡೆದು ಬಂದವು ಅನ್ನುವ ವಿಚಾರಕ್ಕೆ ಅವನು ಬರೆದ ಹೆಸರಾಂತ ಚಿತ್ರ ಅದು. ಆ ಪುಸ್ತಕದ ಗಾತ್ರ ಪೋಸ್ಟ್ ಕಾರ್ಡಿನಷ್ಟು. ಅದೂ, ಅದರ ಜೊತೆಯ ಇನ್ನೊಂದು ಪುಸ್ತಕವೂ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಕಾಣೆಯಾಗಿದ್ದವು. ಇಪ್ಪತ್ತು ವರ್ಷದ ಮೇಲೆ, 2022ರ ಮಾರ್ಚಿನಲ್ಲಿ, ಯಾರೋ ಒಂದು ಗುಲಾಬಿ ಬಣ್ಣದ ಗಿಫ್ಟ್ ಚೀಲದಲ್ಲಿ ಹಾಕಿ ಗ್ರಂಥಾಲಯದೊಳಗೇ ಇಟ್ಟು ಹೋದರು. ಜೊತೆಗೆ ಗ್ರಂಥಪಾಲಕರಿಗೆ ಈಸ್ಟರ್ ಹಬ್ಬದ ಶುಭಾಶಯ ಬೇರೆ! ಕದ್ದವರಿಗೂ ಅದನ್ನು ಎಸೆಯಲು ಮನಸ್ಸು ಬರಲಿಲ್ಲ ಅಂತ ಕಾಣುತ್ತದೆ.

ನಮ್ಮ ಹತ್ತಿರದ್ದನ್ನೇ ನೋಡಿ. ಇಲ್ಲೇ ಶ್ರೀರಂಗಪಟ್ಟಣದ ಪಕ್ಕ ರಂಗನತಿಟ್ಟು. ಕಾವೇರಿ ನಡುವಿನ ಆ ದ್ವೀಪಗಳಲ್ಲಿ ಹಕ್ಕಿ ಗೂಡು ಕಟ್ಟುವುದನ್ನು ಗಮನಿಸಿ, ಇದನ್ನು ಕಾಪಾಡಬೇಕು ಅಂತ ಮೈಸೂರು ಅರಸರಿಗೆ ಹೇಳಿದವರು ಸಲೀಂ ಅಲಿ. 1940ರಲ್ಲಿ ಅದು ಪಕ್ಷಿಧಾಮ ಆಯಿತು. 2022ರಲ್ಲಿ ಲೋಕದ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಮೊದಲನೆಯದು. ಸಲೀಂ ಅಲಿ ಆ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲೆಲ್ಲಾ ಓಡಾಡಿ ಹಕ್ಕಿಗಳ ಸಮೀಕ್ಷೆ ಮಾಡುತ್ತಿದ್ದರು. ಯಾವ ಹಕ್ಕಿ, ಎಲ್ಲಿ, ಯಾವತ್ತು. ಸಮೀಕ್ಷೆ ಅಂದರೆ ಈ ಮೂರು ಮಾತೇ.

ಅದು ಅವರಿಗೆ ಮಾತ್ರ ಆಗುವ ಕೆಲಸ ಅಂತ ಅಂದುಕೊಳ್ಳಬೇಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ನಾನು ಕೆಲಸದ ಮೇಲೆ ಹೋಗುತ್ತಿದ್ದೆ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರ, ಅತ್ತಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯನ್ನು ಊರಿನವರು ಗೊಬ್ಬರಕ್ಕೆ ಬಳಸುತ್ತಾ ಬಂದಿದ್ದಾರೆ. ಅಲ್ಲಿನ ಹಿರಿಯರು “ಈ ವರ್ಷ ಹಕ್ಕಿ ತಡವಾಗಿ ಬಂದ್ವು” ಅನ್ನುತ್ತಾರೆ. ಎಷ್ಟು ತಡ? ಕೇಳಿದರೆ ಅವರ ಹತ್ತಿರ ಉತ್ತರ ಇಲ್ಲ. ನಿಮ್ಮ ಮನೆ ಮುಂದಿನ ಹೊಂಗೆ ಚಿಗುರಿದ ದಿನ, ಮೊದಲ ಕೋಗಿಲೆ ಕೇಳಿದ ದಿನ, ಮಾವು ಹೂ ಬಿಟ್ಟ ದಿನ. ವರ್ಷಕ್ಕೆ ಒಂದು ಸಾಲು ಬರೆದರೂ ಹತ್ತು ವರ್ಷ ಆದ ಮೇಲೆ ನಿಮ್ಮ ಊರಿನ ಬಗ್ಗೆ ನಿಮ್ಮಷ್ಟು ಗೊತ್ತಿರುವವರು ಇನ್ನೊಬ್ಬರು ಇರುವುದಿಲ್ಲ.

ಮಳೆಯದೂ ಹಾಗೇ. ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಮಳೆ ನಕ್ಷತ್ರಗಳ ಹೆಸರು ನಮ್ಮ ರೈತರ ನಾಲಿಗೆ ತುದಿಯಲ್ಲಿದೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ‘ಈ ಸಲ ಆರಿದ್ರಾ ಚೆನ್ನಾಗಿ ಹುಯ್ತು’ ಅನ್ನುತ್ತೇವೆ. ಎಷ್ಟು ಅಂತ ಬೇಕಾದರೆ ದೊಡ್ಡ ಯಂತ್ರವೇನೂ ಬೇಡ. ಮೇಲಿಂದ ಕೆಳಗೆ ಒಂದೇ ಅಗಲ ಇರುವ, ತಳ ಸಪಾಟಾಗಿರುವ ಡಬ್ಬಿಯನ್ನು ಬಯಲಲ್ಲಿ ಇಡಿ. ಮಳೆ ನಿಂತ ಮೇಲೆ ಸ್ಕೇಲ್ ಇಟ್ಟು ಎಷ್ಟು ಮಿಲಿಮೀಟರ್ ನಿಂತಿದೆ ಅಂತ ನೋಡಿ, ಬರೆದು, ಚೆಲ್ಲಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಜಾಸ್ತಿ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತಾ ಅಂತ ದಿನಾ ಪೇಪರ್ ನೋಡುತ್ತೇವೆ. ನಾಲೆಗೆ ನೀರು ಬಿಟ್ಟ ಸುದ್ದಿಯೂ ಬರುತ್ತದೆ. ಆದರೆ ಆ ನೀರು ನಿಮ್ಮ ತೂಬಿಗೆ ಯಾವತ್ತು ಬಂತು ಅಂತ ಪೇಪರಿನವರು ಬರೆಯುವುದಿಲ್ಲ. ನಾಲೆಯ ಕೊನೆ ಭಾಗದವರು ನೀರು ಬಿಟ್ಟ ದಿನ, ತಮ್ಮ ಗದ್ದೆಗೆ ಮುಟ್ಟಿದ ದಿನ, ನಿಂತ ದಿನ ಇವಿಷ್ಟನ್ನು ಮೂರು ವರ್ಷ ಬರೆದು ಸಭೆಗೆ ತಂದು ಓದಿದರೆ, ಎಂಜಿನಿಯರ್ ಆದವರು ಆ ಮಾತಿಗೆ ಉತ್ತರ ಕೊಡಲೇಬೇಕಾಗುತ್ತದೆ. ‘ನಮಗೆ ನೀರೇ ಬರ್ತಿಲ್ಲ ಸ್ವಾಮಿ’ ಅಂದರೆ ‘ಬಿಟ್ಟಿದ್ದೀವಿ’ ಅನ್ನುವುದು ಸುಲಭ.

ನನಗೆ ಮುಖ್ಯ ಅನ್ನಿಸುವ ಮಾತು ಇದು. ನಮ್ಮ ಬಗ್ಗೆ ಎಲ್ಲರೂ ಬರೆದಿಟ್ಟಿದ್ದಾರೆ. ಬ್ಯಾಂಕಿನವರ ಹತ್ತಿರ ನಮ್ಮ ಲೆಕ್ಕ ಇದೆ. ಡೇರಿಯಲ್ಲಿ ಹಾಲಿನ ಫ್ಯಾಟ್, ಲೀಟರ್ ಲೆಕ್ಕ ಇದೆ. ಕಬ್ಬಿನ ಕಾರ್ಖಾನೆಯವರ ಹತ್ತಿರ ಟನ್ನಿನ ಲೆಕ್ಕ ಇದೆ. ಕರೆಂಟಿನವರ ಹತ್ತಿರ ಯೂನಿಟ್ಟಿನ ಲೆಕ್ಕ ಇದೆ. ನಾವು ಎಲ್ಲಿ ಹೋದೆವು ಅನ್ನುವುದು ಫೋನ್ ಕಂಪನಿಗೆ ಗೊತ್ತು. ನಮ್ಮ ಕಡೆ ಬರೆದ ಲೆಕ್ಕ ಮಾತ್ರ ಯಾವುದೂ ಇಲ್ಲ. ಎರಡು ಲೆಕ್ಕ ಹೊಂದದೇ ಇದ್ದಾಗ ಮಾತಾಡಬಹುದು. ಒಂದೇ ಲೆಕ್ಕ ಇದ್ದಾಗ ಅದೇ ಸತ್ಯ.

ನಮ್ಮ ಬೀದಿಯಲ್ಲಿ ಒಬ್ಬರಿಗೆ ಹೀಗೇ ಆಯಿತು. ಒಂದು ಕಚೇರಿಗೆ ಅರ್ಜಿ ಹಾಕಿದ್ದರು. ಯಾವ ಕಚೇರಿ ಅಂತ ಬೇಡ. ಹೋದಾಗಲೆಲ್ಲಾ ‘ಮುಂದಿನ ವಾರ ಬನ್ನಿ’. ಅವರು ಪ್ರತಿ ಸಲವೂ ತಾರೀಖು, ಸಮಯ, ಯಾವ ಕೌಂಟರ್, ಏನು ಹೇಳಿದರು ಅಂತ ಅಲ್ಲೇ ನಿಂತು ಬರೆದುಕೊಂಡರು. ಜಗಳ ಇಲ್ಲ, ಗಟ್ಟಿ ಧ್ವನಿಯೂ ಇಲ್ಲ. ಮುಂದಿನ ಸಲ ಹೋದಾಗ ಪುಸ್ತಕ ತೆಗೆದು ಓದಿದರು. ಕೌಂಟರಿನವರು ಕುರ್ಚಿ ಕೊಟ್ಟು ಕೂರಿಸಿದರಂತೆ. ಸರ್ಕಾರಿ ಸೇವೆಗೆ ಗಡುವು ಹಾಕುವ ‘ಸಕಾಲ’ ಯೋಜನೆಯಲ್ಲಿ ಬರುವ ಸೇವೆಯಾದರೆ ಅರ್ಜಿ ಕೊಟ್ಟಾಗ ಒಂದು ನಂಬರ್ ಕೊಡುತ್ತಾರೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ಇವೆಲ್ಲಾ ತಾರೀಖಿನ ಮೇಲೆ ನಿಂತ ಹಕ್ಕುಗಳು. ಅರ್ಜಿ ಕೊಟ್ಟ ದಿನ ಗೊತ್ತಿಲ್ಲದಿದ್ದರೆ ಆ ಹಕ್ಕಿಗೆ ಎಲ್ಲಿಂದ ಲೆಕ್ಕ ಶುರು ಮಾಡುತ್ತೀರಿ?

ಇಲ್ಲಿ ಹಿಂದೆ ಕೂತಿದ್ದ ವಕೀಲರೊಬ್ಬರು ಕೇಳಿದರು, “ಪುಸ್ತಕದಲ್ಲಿ ಬರೆದಿದೆ ಅಂತ ಕೋರ್ಟಲ್ಲಿ ನಡೆಯುತ್ತಾ ಸಾರ್?” ಅವರಿಗೇ ನನಗಿಂತ ಚೆನ್ನಾಗಿ ಗೊತ್ತು, ನನ್ನ ಬಾಯಲ್ಲಿ ಹೇಳಿಸಬೇಕು ಅಂತ ಕೇಳಿದ್ದು. ನಾನು ಬರೆದುಕೊಂಡ ಒಂದೇ ಕಾರಣಕ್ಕೆ ಇನ್ನೊಬ್ಬರ ಮೇಲೆ ಸಾಲ ಸಾಬೀತಾಗುವುದಿಲ್ಲ, ಆಗಲೂಬಾರದು. ಇಲ್ಲದಿದ್ದರೆ ನಾನು ಇವತ್ತೇ ಊರಿನ ಶ್ರೀಮಂತರ ಹೆಸರೆಲ್ಲಾ ಬರೆದುಬಿಡುತ್ತೇನೆ. ಆದರೆ ಘಟನೆ ನಡೆದ ಹೊತ್ತಿನಲ್ಲೇ ಬರೆದ ಟಿಪ್ಪಣಿ ನೋಡಿಕೊಂಡು ಸಾಕ್ಷಿದಾರ ನೆನಪು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಕೈಸಾಲ ಕೊಡುವಾಗ ತಾರೀಖು, ಮೊತ್ತ ಬರೆದು, ಪಕ್ಕದಲ್ಲಿ ಅವರದೊಂದು ಸಹಿ ಹಾಕಿಸಿಕೊಳ್ಳಿ. “ಏನಣ್ಣಾ, ನಂಬಿಕೆ ಇಲ್ವಾ?” ಅಂತ ಕೇಳುತ್ತಾರೆ. “ನಿನ್ನ ಮೇಲೆ ಇದೆ ಕಣಪ್ಪಾ, ನನ್ನ ಜ್ಞಾಪಕಶಕ್ತಿ ಮೇಲೆ ಇಲ್ಲ” ಅನ್ನಿ. ಇದು ಬಹಳ ಕಡೆ ಕೆಲಸ ಮಾಡಿದೆ.

ಇನ್ನು ಮನೆಯ ವಿಷಯ. ಮೊದಲ ಹಾಳೆಯಲ್ಲಿ ನಿಮ್ಮ ಹೆಸರು, ಮನೆಯವರ ಒಂದು ಫೋನ್ ನಂಬರ್, ರಕ್ತದ ಗುಂಪು ಬರೆಯಿರಿ. ಮಕ್ಕಳ ನಂಬರ್ ಬಾಯಿಪಾಠ ಇರುವವರು ಇಲ್ಲಿ ಕೈ ಎತ್ತಿ ಅಂದೆ. ಎತ್ತಿದವರು ನಾಲ್ಕೇ ಜನ, ಅವರೂ ಅಜ್ಜಂದಿರು. ಎರಡನೇ ಹಾಳೆಯಲ್ಲಿ ಕರೆಂಟ್ ಬಿಲ್ಲಿನ ಆರ್.ಆರ್. ನಂಬರ್. ರಾತ್ರಿ ಕರೆಂಟ್ ಹೋಗಿ 1912ಕ್ಕೆ ಫೋನ್ ಮಾಡಿದರೆ ಮೊದಲು ಅದನ್ನೇ ಕೇಳುತ್ತಾರೆ. ಕತ್ತಲಲ್ಲಿ ಹಳೇ ಬಿಲ್ ಹುಡುಕುವ ಕಷ್ಟ ತಪ್ಪುತ್ತದೆ. ಜೊತೆಗೆ ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆ 33 ಅಡಿ ಉದ್ದ 33 ಅಡಿ ಅಗಲ, ಅಂದರೆ 1089 ಚದರ ಅಡಿ ಅಂತ ಬರೆದಿಡಿ. 30-40 ಸೈಟಿಗಿಂತ ಸ್ವಲ್ಪ ಕಮ್ಮಿ. ಜಮೀನು ಮಾತಾಡುವ ಜಾಗದಲ್ಲಿ ಬ್ರೋಕರ್ ಬಾಯಲ್ಲಿ ಗುಂಟೆ ಹಿಗ್ಗುತ್ತಾ ಹೋಗುತ್ತದೆ.

ಮಾತ್ರೆ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಹೊಸ ಡಾಕ್ಟರ ಹತ್ತಿರ ಹೋದಾಗ “ಏನೇನು ಮಾತ್ರೆ ತಗೋತಿದ್ದೀರಿ?” ಅಂತ ಕೇಳುತ್ತಾರೆ. “ಬೆಳಿಗ್ಗೆ ಒಂದು ಬಿಳೀದು ಸಾರ್, ಚಿಕ್ಕದು. ರಾತ್ರಿ ಒಂದು ಗುಲಾಬಿ ಬಣ್ಣದ್ದು.” ಬಿಳಿ ಮಾತ್ರೆ ಯಾವ ಕಾಯಿಲೆಗಿಲ್ಲ ಹೇಳಿ! ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವತ್ತಿಂದ ಶುರು ಮಾಡಿದ್ದು, ಯಾವ ಔಷಧಿ ಆಗಿಬರುವುದಿಲ್ಲ ಇವಿಷ್ಟು ಒಂದು ಹಾಳೆಯಲ್ಲಿ ಇರಲಿ. ಮನೆಯಲ್ಲಿ ಬಿ.ಪಿ. ಮೆಷಿನ್ ಇರುವವರು ಡಾಕ್ಟರ ಹತ್ತಿರ ಹೋಗುವ ಹಿಂದಿನ ಒಂದು ವಾರ ಬೆಳಿಗ್ಗೆ, ಸಂಜೆ ನೋಡಿ ಬರೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಕಾದು ಕಾದು ಸಿಟ್ಟು ಬಂದಾಗ ನೋಡಿದ ಒಂದೇ ಬಿ.ಪಿ.ಗಿಂತ ಅದು ಡಾಕ್ಟರಿಗೆ ಉಪಯೋಗ.

ನನ್ನ ಕೆಲಸಕ್ಕೆ ಸೇರಿದ ಒಂದು ಮಾತು. ನಾಯಿ ಕಚ್ಚಿದರೆ ಮೊದಲು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಆಮೇಲೆ ತಡಮಾಡದೆ ಆಸ್ಪತ್ರೆ. ಅಲ್ಲಿ ಲಸಿಕೆಯನ್ನು 0, 3, 7, 28ನೇ ದಿನಕ್ಕೆ ಹಾಕುವ ಕ್ರಮ ಇದೆ (0 ಅಂದರೆ ಮೊದಲ ಲಸಿಕೆ ಹಾಕಿದ ದಿನ). ಸ್ನಾಯುವಿಗೆ ಕೊಡುವುದಾದರೆ 14ನೇ ದಿನದ್ದೂ ಸೇರುತ್ತದೆ. ಯಾವ ಕ್ರಮ ಅಂತ ಆಸ್ಪತ್ರೆಯವರು ಹೇಳುತ್ತಾರೆ. ಮೊದಲ ಎರಡನ್ನು ಎಲ್ಲರೂ ಹಾಕಿಸಿಕೊಳ್ಳುತ್ತಾರೆ. ಗಾಯ ಮಾಗಿದ ಮೇಲೆ ಉಳಿದದ್ದು ಮರೆಯುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸಿಕೊಳ್ಳುವುದು ಆಗದ ಮಾತು. ಈ ತಾರೀಖುಗಳನ್ನು ಬರೆಯದೆ ಇರಬೇಡಿ. ಇದೊಂದನ್ನು ತಮಾಷೆ ಇಲ್ಲದೆ ಹೇಳುತ್ತಿದ್ದೇನೆ.

ಗ್ಯಾಸಿನದು ಸುಲಭ. ಸಿಲಿಂಡರಿನಲ್ಲಿ ಬರುವ ಗ್ಯಾಸ್ 14.2 ಕಿಲೋ. ಹಾಕಿದ ದಿನ ಬರೆದಿಟ್ಟರೆ ನಿಮ್ಮ ಮನೆಗೆ ಎಷ್ಟು ದಿನ ಬರುತ್ತದೆ ಅನ್ನುವುದು ಮೂರು ಸಿಲಿಂಡರಿನಲ್ಲಿ ಗೊತ್ತಾಗುತ್ತದೆ. ನೆಂಟರು ಬಂದು ಹೋದರೆ ಅದೂ ಗೊತ್ತಾಗುತ್ತದೆ, ಆದರೆ ಅವರ ಮುಂದೆ ಪುಸ್ತಕ ತೆಗೆಯಬೇಡಿ. ಗಾಡಿಯ ಮೈಲೇಜಿಗೆ ಒಂದು ಸಲ ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆಯಿರಿ. ಇನ್ನೊಂದು ಸಲ ತುಂಬಿಸಿದಾಗ ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಮುಗಿಯಿತು.

ದುಡ್ಡಿನ ಬಗ್ಗೆ ಒಂದೇ ಮಾತು. ಜೇಬಿನಲ್ಲಿ ನೋಟು ಇದ್ದಾಗ ಖಾಲಿಯಾಗುವುದು ಕೈಗೆ ಗೊತ್ತಾಗುತ್ತಿತ್ತು. ಈಗ ಫೋನ್ ತೋರಿಸಿದರೆ ‘ಸ್ವೀಕರಿಸಲಾಗಿದೆ’ ಅಂತ ಅಂಗಡಿಯ ಡಬ್ಬಿ ಕೂಗುತ್ತದೆ, ಅಷ್ಟೇ. ಫೋನಿನಲ್ಲಿ ಪಟ್ಟಿ ಇದೆ ನಿಜ. ಅದರಲ್ಲಿ ಅಂಗಡಿಯವನ ಹೆಸರು ಇರುತ್ತದೆ, ನೀವು ಕೊಂಡದ್ದು ಏನು ಅಂತ ಇರುವುದಿಲ್ಲ. ಒಂದು ತಿಂಗಳು ಪ್ರತಿ ಖರ್ಚನ್ನೂ ಕೈಯಲ್ಲಿ ಬರೆದು ನೋಡಿ. ವರ್ಷವಿಡೀ ಬೇಡ, ಬೇಜಾರಾಗುತ್ತದೆ.

ಮುಂದಿನ ಸಾಲಿನಲ್ಲಿದ್ದ ಒಬ್ಬರು ಮೇಡಂ ಎದ್ದು, “ನೀವು ಗಂಡಸರು ಜೇಬು ಜೇಬು ಅಂತೀರಿ. ನಮ್ಮ ಸೀರೆಗೆ ಜೇಬೆಲ್ಲಿದೆ?” ಅಂದರು. ಚಪ್ಪಾಳೆ ಬಿತ್ತು. ಅವರ ಮಾತು ಸರಿ. ಹಿಂದಿನ ಅಜ್ಜಿಯರು ಸೊಂಟಕ್ಕೆ ಎಲೆ ಅಡಿಕೆ ಸಂಚಿ ಸಿಕ್ಕಿಸಿಕೊಳ್ಳುತ್ತಿದ್ದರು. ಅದರಲ್ಲಿ ದುಡ್ಡು, ಬೀಗದ ಕೈ, ಔಷಧಿ ಎಲ್ಲಾ ಇರುತ್ತಿತ್ತು. ಈಗ ಪರ್ಸಿನಲ್ಲಿ ಇಡಬಹುದು. ಇನ್ನೂ ಒಳ್ಳೆಯದು ಅಂದರೆ ಅಡುಗೆ ಮನೆಯಲ್ಲಿ ಮೊಳೆಗೆ ದಾರ ಕಟ್ಟಿ ಪುಸ್ತಕ, ಪೆನ್ಸಿಲ್ ಎರಡನ್ನೂ ತೂಗುಹಾಕುವುದು. ಆಗ ಅದು ಒಬ್ಬರ ಪುಸ್ತಕ ಆಗುವುದಿಲ್ಲ, ಮನೆಯ ಪುಸ್ತಕ ಆಗುತ್ತದೆ. ಜೀರಿಗೆ ಮುಗಿದಿದೆ ಅಂತ ಯಾರು ನೋಡಿದರೋ ಅವರೇ ಬರೆಯಬೇಕು. ಮಗ ನೋಡಿದರೆ ಮಗ, ಯಜಮಾನರು ನೋಡಿದರೆ ಯಜಮಾನರು. ಇದನ್ನು ಹೇಳಿದ್ದಕ್ಕೆ ಗಂಡಸರ ಕಡೆಯಿಂದ ಚಪ್ಪಾಳೆ ಬರಲಿಲ್ಲ.

ಎಂಥ ಪುಸ್ತಕ ಕೊಳ್ಳಬೇಕು? ಪೇಟೆ ಬೀದಿಯ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುವ ಹತ್ತಿಪ್ಪತ್ತು ರೂಪಾಯಿಯದು. ಅಂಗಿ ಜೇಬಿಗೆ ಹಿಡಿಯಬೇಕು, ಬಗ್ಗಿದರೆ ಬೀಳಬಾರದು. ಹಸುವಿನ ಹಿಂದೆ ಬಗ್ಗುವವರಿಗೆ ಇದು ಬಹಳ ಮುಖ್ಯ. ಚರ್ಮದ ಹೊದಿಕೆ, ರಿಬ್ಬನ್ ಇರುವ ದುಬಾರಿ ಡೈರಿ ಬೇಡ ಅನ್ನುತ್ತೇನೆ. ಅಂಥದ್ದರಲ್ಲಿ ‘ಜೀರಿಗೆ 100 ಗ್ರಾಂ’ ಅಂತ ಬರೆಯಲು ಕೈ ಬರುವುದಿಲ್ಲ. ಹೊಸ ವರ್ಷಕ್ಕೆ ಕಂಪನಿಯವರು ಕೊಡುವ ಡೈರಿಯೂ ಬೇಡ. ಅದರಲ್ಲಿ ದಿನಕ್ಕೊಂದು ಹಾಳೆ ಇರುತ್ತದೆ, ಜನವರಿ 9ಕ್ಕೆ ನಿಂತುಹೋಗುತ್ತದೆ, ಖಾಲಿ ಹಾಳೆ ನೋಡಿ ನಾಚಿಕೆಯಾಗಿ ಒಳಗಿಡುತ್ತೇವೆ. ತಾರೀಖು ಅಚ್ಚಾಗಿಲ್ಲದ ಪುಸ್ತಕದಲ್ಲಿ ಈ ಕಾಟ ಇಲ್ಲ. ಎರಡು ವಾರ ಬರೆಯದಿದ್ದರೆ ಮುಂದಿನ ಸಾಲಿನಿಂದ ಶುರು.

ಜೆಲ್ ಪೆನ್ನಿನ ಶಾಯಿ ಬೆವರಿಗೆ, ಮಳೆಗೆ ಹರಡಿಕೊಳ್ಳುತ್ತದೆ. ಬಾಲ್ ಪೆನ್ ಪರವಾಗಿಲ್ಲ. ಪೆನ್ಸಿಲ್ ಎಲ್ಲಕ್ಕಿಂತ ಗಟ್ಟಿ, ನೀರಿಗೆ ಅಳಿಸುವುದಿಲ್ಲ. ಗಾರೆ ಕೆಲಸದ ಮೇಸ್ತ್ರಿಗಳು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವುದು ಶೋಕಿಗಲ್ಲ. ಆದರೆ ದುಡ್ಡಿನ ಲೆಕ್ಕ ಮಾತ್ರ ಪೆನ್ನಿನಲ್ಲೇ ಇರಲಿ. ಅಳಿಸಬಹುದಾದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಬರೆಯುವಾಗ ತಾರೀಖು ಮೊದಲು, ವರ್ಷದ ಸಮೇತ. ‘ಸೋಮವಾರ’ ಅಂತ ಬರೆದರೆ ಮುಂದಿನ ತಿಂಗಳು ಅದು ಯಾವ ಸೋಮವಾರ ಅಂತ ದೇವರಿಗೇ ಗೊತ್ತು. ಹೆಚ್ಚು ಕಮ್ಮಿ ವಾಕ್ಯ ಆಗುವಷ್ಟು ಬರೆಯಿರಿ. ‘ರಾಜು 500’ ಅಂದರೆ ನಾನು ಕೊಟ್ಟಿದ್ದಾ, ಅವನು ಕೊಟ್ಟಿದ್ದಾ? ಗಣಿತಜ್ಞ ರಾಮಾನುಜನ್ ಕಾಗದ ದುಬಾರಿ ಅಂತ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಕೊನೆಯ ಉತ್ತರವನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಆ ಉತ್ತರಗಳು ಹೇಗೆ ಬಂದವು ಅಂತ ತೋರಿಸಲು ಗಣಿತಜ್ಞರು ಎಷ್ಟೋ ದಶಕ ಕೂತು ಕೆಲಸ ಮಾಡಬೇಕಾಯಿತು. ಅವರು ರಾಮಾನುಜನ್, ನಡೆಯುತ್ತದೆ. ನಾವು ನಾಲ್ಕು ಪದ ಜಾಸ್ತಿ ಬರೆಯುವುದೇ ವಾಸಿ.

ಫೋನ್ ಇರುವಾಗ ಇದೆಲ್ಲಾ ಯಾಕೆ ಅಂತ ಕಾಲೇಜಿನ ಹುಡುಗನೊಬ್ಬ ಕೇಳಿದ. ಕೇಳಲೇಬೇಕಾದ ಪ್ರಶ್ನೆ. ನಾನು ಫೋನಿನ ವಿರೋಧಿ ಅಲ್ಲ ಮರಿ. ಪುಸ್ತಕ ಅಲಾರಂ ಹೊಡೆಯುವುದಿಲ್ಲ, ಫೋನ್ ಹೊಡೆಯುತ್ತದೆ. ಜೂನ್ 26 ಅಂತ ಪುಸ್ತಕದಲ್ಲಿ ಬರೆದು, ಫೋನಿನಲ್ಲಿ ಅಲಾರಂ ಇಡು. ಬಿಲ್ಲು, ರಸೀದಿ ಫೋಟೋ ತೆಗೆದುಕೊ. ಆದರೆ ಹಾಲು ಕರೆಯುವ ಒದ್ದೆ ಕೈ, ಸಿಮೆಂಟ್ ಕೈ, ಹಿಟ್ಟಿನ ಕೈ ಫೋನಿನ ಗಾಜಿಗೆ ಒಗ್ಗುವುದಿಲ್ಲ. ಮತ್ತೆ, ಒಂದು ಸಾಲು ಬರೆಯೋಣ ಅಂತ ಫೋನ್ ತೆಗೆದವರು ಅದನ್ನು ಬರೆದೇ ಕೆಳಗಿಟ್ಟಿದ್ದನ್ನು ನಾನಂತೂ ಕಮ್ಮಿ ನೋಡಿದ್ದೇನೆ. ಯಾರೋ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಕಳಿಸಿರುತ್ತಾರೆ, ಅಲ್ಲಿಗೆ ಹಸು ಮರೆತುಹೋಯಿತು.

ಕೆಲವನ್ನು ಪುಸ್ತಕದಲ್ಲಿ ಬರೆಯಲೇಬಾರದು. ಎ.ಟಿ.ಎಂ. ಪಿನ್, ಬ್ಯಾಂಕಿನ ಪಾಸ್‌ವರ್ಡ್, ಮನೆ ಬೀಗದ ಕೈ ಇಡುವ ಜಾಗ. ಪುಸ್ತಕ ಕಳೆದುಹೋಗುವ ವಸ್ತು. ಕಳೆದರೂ ಸಿಕ್ಕವರಿಗೆ ನಿಮ್ಮ ಹಸುವಿನ ಬೆದೆಯ ತಾರೀಖು ಸಿಗಲಿ, ದುಡ್ಡು ಸಿಗುವುದು ಬೇಡ.

ಕೊನೆಗೆ ಒಬ್ಬರು ಹಿರಿಯರು, “ತುಂಬಿದ ಪುಸ್ತಕ ಏನು ಮಾಡೋದಪ್ಪಾ, ಮನೆಯವರು ರದ್ದಿಗೆ ಹಾಕ್ತಾರೆ” ಅಂದರು. ಮುಗಿದ ದಿನ ಹೊಸ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕೂರಿ. ಇನ್ನೂ ಬೇಕಾದ್ದನ್ನು ಮಾತ್ರ ಇಳಿಸಿಕೊಳ್ಳಿ: ಮಾತ್ರೆ ಪಟ್ಟಿ, ಆರ್.ಆರ್. ನಂಬರ್, ವಾಪಸ್ ಬರದ ಸಾಲ, ಗಬ್ಬದ ಹಸುಗಳು. ಹಳೆಯದರ ಮೇಲೆ ಶುರುವಾದ ತಾರೀಖು, ಮುಗಿದ ತಾರೀಖು ಬರೆದು ಮುಚ್ಚಳ ಇರುವ ಸ್ಟೀಲ್ ಡಬ್ಬಿಗೆ ಹಾಕಿ. ರಟ್ಟಿನ ಪೆಟ್ಟಿಗೆ ಬೇಡ, ಗೆದ್ದಲು ಮತ್ತು ಬೆಳ್ಳಿಹುಳ ಎರಡಕ್ಕೂ ಅದು ಊಟ. ಡಬ್ಬಿಯನ್ನು ಅಟ್ಟದ ಮೇಲೆ ಇಡಬೇಡಿ. ಮಳೆಗಾಲದಲ್ಲಿ ತಾರಸಿಯ ತೇವ ಇಳಿಯುತ್ತದೆ. ಬೀರುವಿನ ಕೆಳಗಿನ ಅರೆಯಲ್ಲಿ, ಮುಯ್ಯಿ ಪುಸ್ತಕದ ಪಕ್ಕ ಇಡಿ. ಆ ಜಾಗಕ್ಕೆ ರದ್ದಿಯವನನ್ನು ಮನೆಯವರೇ ಬಿಡುವುದಿಲ್ಲ.